ಗಾಲಿಗೂ ಗಾಳಿಗೂ ನಂಟಿಲ್ಲ

ಟೈರಿಗೆ ಗಾಳಿ ತುಂಬುತ್ತೇವೆ, ಅದಕ್ಕೇ ಅದು ಗಾಲಿ ಎನ್ನುವವರಿದ್ದಾರೆ. ಕೇಳಲು ಚೆಂದ, ಆದರೆ ನಿಜವಲ್ಲ. ಗಾಳಿ ತುಂಬುವ ಟೈರು ಬಳಕೆಗೆ ಬಂದದ್ದು 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯ ಬೆಲ್‌ಫಾಸ್ಟಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ ಮೇಲೆ. ಹಳಿಯಾಳ, ಮುಂಡಗೋಡದ ಕಡೆಯ ಚಕ್ಕಡಿಯ ಗಾಲಿ ಅದಕ್ಕಿಂತ ಬಹಳ ಹಳೆಯದು. ಬಡಿಗೇರರು ಕಟ್ಟಿಗೆಯ ಗಾಲಿ ಕಟ್ಟಿಕೊಟ್ಟ ಮೇಲೆ ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದು ಹಿಗ್ಗಿದ ಪಟ್ಟಿಯನ್ನು ಇಕ್ಕುಳದಲ್ಲಿ ಹಿಡಿದು ಗಾಲಿಯ ಸುತ್ತ ಕೂರಿಸಿ, ಕಟ್ಟಿಗೆ ಸುಟ್ಟು ಹೋಗುವ ಮೊದಲೇ ನೀರು ಹೊಯ್ಯುತ್ತಾರೆ. ಕಬ್ಬಿಣ ಕುಗ್ಗುತ್ತ ಇಡೀ ಗಾಲಿಯನ್ನು ಬಿಗಿಹಿಡಿಯುತ್ತದೆ. ಅಲ್ಲಿ ಗಾಳಿಗೆ ಎಲ್ಲಿಯ ಜಾಗ?

ಪದದ ಕತೆಯೂ ಬೇರೆ. ತಮಿಳಿನಲ್ಲಿ ‘ಕಾಲ್’ ಎಂಬುದಕ್ಕೆ ಚಕ್ರ ಎಂಬ ಹಳೆಯ ಅರ್ಥವಿದೆ. ತಿರುಕ್ಕುರಳ್‌ನಲ್ಲಿ ಆ ಅರ್ಥದಲ್ಲೇ ಬಂದಿದೆ. ತುಳುವಿನಲ್ಲಿಯೂ ಗಾಲಿ ಇದೆ. ಅಂದರೆ ಇದು ನಮ್ಮ ದ್ರಾವಿಡ ಮನೆತನದ ಪದ.

ಎರಡನೆಯ ನಂಬಿಕೆ ಇನ್ನೂ ಗಟ್ಟಿ: ಚಕ್ರಕ್ಕೆ ಸಂಬಂಧಪಟ್ಟದ್ದೆಲ್ಲ ಸಂಸ್ಕೃತದಿಂದ ಬಂದದ್ದು, ಕನ್ನಡಕ್ಕೆ ಸ್ವಂತದ್ದೇನೂ ಇಲ್ಲ ಎಂಬುದು. ಇದು ನನಗೆ ನಿಜಕ್ಕೂ ನೋವು ಕೊಡುವ ಮಾತು. ಚಕ್ರ, ರಥ ಸಂಸ್ಕೃತದವು, ಒಪ್ಪೋಣ. ಆದರೆ ಜಾತ್ರೆಯ ಕರೆಯೋಲೆಯಲ್ಲಿ ರಥೋತ್ಸವ ಎಂದು ಅಚ್ಚಾದರೂ ಜನ ಎಳೆಯುವುದು ತೇರನ್ನೇ. ತೇರು ದ್ರಾವಿಡ ಪದ. ಬಂಡಿಯ ಇರಸು, ಕುಂಬಾರರ ತಿಗರಿ ಕೂಡ ಹಾಗೆಯೇ. ‘ರಾಟೆ’ ಮಾತ್ರ ಹೊರಗಿನಿಂದ ಬಂದದ್ದು, ಅದೂ ಕೆಲವರು ಹೇಳುವಂತೆ ಇಂಗ್ಲಿಷಿನ ‘ರೊಟೇಟ್’ನಿಂದಲ್ಲ. ನೀರೆತ್ತುವ ಯಂತ್ರಕ್ಕೆ ಸಂಸ್ಕೃತದಲ್ಲಿ ಅರಘಟ್ಟ ಎನ್ನುತ್ತಿದ್ದರು. ಹಿಂದಿಯ ರಹಟ್, ಮರಾಠಿಯ ರಹಾಟ, ನಮ್ಮ ರಾಟೆ ಆ ಬಳ್ಳಿಯವು.

ಮೂರನೆಯ ನಂಬಿಕೆ ದೂರದ ಗೇಲಿಕ್ ಕುರಿತದ್ದು. ಐರ್ಲೆಂಡ್, ಸ್ಕಾಟ್ಲೆಂಡಿನ ಆ ನುಡಿಯಲ್ಲಿ ಚಕ್ರಕ್ಕೆ ‘ರೊತ್’ ಎಂದು ಬರೆದು ‘ರೊಹ್’ ಎನ್ನುವಂತೆ ಉಚ್ಚರಿಸುತ್ತಾರೆ. ‘ರಥ’ದ ಹೋಲಿಕೆ ಕಂಡವರು, ನೋಡಿ, ಸಂಸ್ಕೃತವೇ ಅಲ್ಲಿಗೆ ಹೋಗಿದೆ ಎಂದುಬಿಡುತ್ತಾರೆ. ಹೋಲಿಕೆ ನಿಜ, ತೀರ್ಮಾನ ತಪ್ಪು. ಲ್ಯಾಟಿನ್ನಿನ ‘ರೋಟ’, ಲಿಥುವೇನಿಯನ್ನಿನ ‘ರಾತಸ್’ ಕೂಡ ಇದೇ ಬಳಗದವು, ಎಲ್ಲಕ್ಕೂ ಅರ್ಥ ಚಕ್ರವೇ. ಸಂಸ್ಕೃತದಲ್ಲಿ ಮಾತ್ರ ಅದು ಚಕ್ರವಿರುವ ವಾಹನವಾಯಿತು. ಇವು ತಾಯಿ ಮಕ್ಕಳಲ್ಲ, ಈಗ ಬದುಕಿಲ್ಲದ ಒಂದು ತಾಯಿನುಡಿಯ ಮಕ್ಕಳು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಕುರಿತು ಹೇಳಿದ್ದೂ ಇದನ್ನೇ. ಚಕ್ರ, ಗ್ರೀಕಿನ ‘ಕುಕ್ಲೊಸ್’, ಇಂಗ್ಲಿಷಿನ ‘ವ್ಹೀಲ್’ ಇನ್ನೊಂದು ಅಂಥದೇ ಒಡಹುಟ್ಟಿನ ಗುಂಪು. ಕನ್ನಡ ಆ ಮನೆತನದ್ದಲ್ಲ ಎಂಬುದನ್ನು ಮದರಾಸಿನಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲೇ ತೋರಿಸಿಕೊಟ್ಟಿದ್ದರು.

ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಚಕ್ರಕ್ಕೆ ಇನ್ನೊಂದು ಪದವೂ ಇದೆ, ‘ಕುಯ್ಲ’. ಅದು ಹಳೆಯ ಕಾಲದಲ್ಲಿ ಇಂಗ್ಲಿಷಿನಿಂದ ಪಡೆದದ್ದು. ಸ್ವಂತದ್ದೊಂದು, ಕಡ ತಂದದ್ದೊಂದು. ನಮ್ಮ ಗಾಲಿ, ಚಕ್ರದ ಜೋಡಿಯ ಹಾಗೆ.

ಮತ್ತೆ ನಮ್ಮ ಕಡೆಗೆ ಬಂದರೆ, ಹಳಿಯಾಳದ ಕಡೆಯ ಕುಳಗಿಯ ಸುತ್ತಲಿನ ಮರಾಠಿ ಮನೆಗಳಲ್ಲಿ ಗಾಲಿಗೆ ‘ಚಾಕ’ ಎನ್ನುತ್ತಾರೆ, ಅದು ಚಕ್ರದಿಂದಲೇ ಬಂದದ್ದು. ಆದರೆ 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ನರ ‘ಖೋರ್ಲೊ’ ಹಾಗಲ್ಲ. ಧರ್ಮಚಕ್ರವೂ ಖೋರ್ಲೊ, ಒಳಗೆ ಮಂತ್ರದ ಸುರುಳಿಯಿಟ್ಟು ಕೈಯಲ್ಲಿ ಬಲಕ್ಕೆ ತಿರುಗಿಸುವ ಮಣಿಚಕ್ರವೂ ಖೋರ್ಲೊ. ಧರ್ಮ ಭಾರತದಿಂದ ಹೋಯಿತು ನಿಜ, ಪದ ಹೋಗಲಿಲ್ಲ. ತಿರುಗುವುದಕ್ಕೆ ಅವರ ನುಡಿಯಲ್ಲೇ ಇದ್ದ ‘ಖೋರ್’ನಿಂದ ಅವರೇ ಕಟ್ಟಿಕೊಂಡರು.