ವಾರದ ಗಡ್ಡಕ್ಕೆ ಹಲ್ಲಿನ ರೇಜರ್

ಡಬ್ಲಿನ್ನಿನ ದಕ್ಷಿಣಕ್ಕೆ, ಕಡಲಿಗೆ ಆತುಕೊಂಡ ಸ್ಯಾಂಡಿಕೋವ್‌ನಲ್ಲಿ ಗುಂಡನೆಯ ಕಲ್ಲಿನ ಗೋಪುರವೊಂದಿದೆ. ನೆಪೋಲಿಯನ್ ದಂಡೆತ್ತಿ ಬಂದಾನೆಂಬ ಹೆದರಿಕೆಯಲ್ಲಿ 1804ರಲ್ಲಿ ಬ್ರಿಟಿಷರು ಕಟ್ಟಿಸಿದ್ದು. ನೆಪೋಲಿಯನ್ ಬರಲಿಲ್ಲ, ಸಾಹಿತಿಗಳು ಬಂದರು. ಕೆಳಗೆ ಬಂಡೆಗಳ ನಡುವಿನ ಫಾರ್ಟಿ ಫುಟ್ ಎಂಬ ಈಜುತಾಣದಲ್ಲಿ ಡಿಸೆಂಬರಿನ ಚಳಿಯಲ್ಲೂ ಮುದುಕರು ಟವೆಲ್ಲು ಬಿಸಾಕಿ ನೀರಿಗೆ ಧುಮುಕುತ್ತಾರೆ. ಪ್ರತಿವರ್ಷ ಜೂನ್ 16ರಂದು ಹುಲ್ಲಿನ ಟೋಪಿ ಹಾಕಿಕೊಂಡ ಜನ ಗೋಪುರದ ಸುತ್ತ ಸೇರುತ್ತಾರೆ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಶುರುವಾಗುವುದೇ ಇದರ ತಾರಸಿಯ ಮೇಲೆ, ಬೆಳಗಿನ ಗಾಳಿಯಲ್ಲಿ, ಒಬ್ಬ ಠೊಣಪನ ಮುಖಕ್ಷೌರದಿಂದ. ಅವನ ಕೈಯಲ್ಲಿ ನೊರೆಯ ಬಟ್ಟಲು, ಬಟ್ಟಲ ಮೇಲೆ ಅಡ್ಡಡ್ಡ ಇಟ್ಟ ಕನ್ನಡಿ ಮತ್ತು ಕತ್ತಿ.

ಅದು ಬರಿಗತ್ತಿ. ನಮ್ಮೂರ ಕ್ಷೌರಿಕರು ತೊಗಲಿನ ಪಟ್ಟಿಗೆ ಉಜ್ಜಿ ಹದ ಮಾಡುತ್ತಿದ್ದಂಥದ್ದು. ಕಾದಂಬರಿಯಲ್ಲಿ ಆ ದಿನ 1904ರ ಜೂನ್ 16. ಅದಾಗಿ ಐದು ತಿಂಗಳಿಗೆ, ನವೆಂಬರ್ 15ರಂದು, ಅಮೆರಿಕದಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಸೇಫ್ಟಿ ರೇಜರಿನ ಪೇಟೆಂಟ್ ಸಿಕ್ಕಿತು. ಹಿಂದಿನ ವರ್ಷವಿಡೀ ಅವನ ಕಂಪನಿ ಮಾರಿದ್ದು 51 ರೇಜರು, 168 ಬ್ಲೇಡು. ಆ ಹಳೆಯ ಜಿಲೆಟ್ ರೇಜರಿನ ತಲೆಯನ್ನು ನೋಡಿದರೆ ಬ್ಲೇಡಿನ ಕೆಳಗೆ ಎರಡೂ ಅಂಚಿನಲ್ಲಿ ಸಾಲು ಹಲ್ಲುಗಳಿವೆ. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಸೇಫ್ಟಿ ರೇಜರುಗಳಿಗೆ ಹಲ್ಲಿಲ್ಲ, ಅಲ್ಲಿ ನಯವಾದ ಪಟ್ಟಿ ಬಂದಿದೆ. ಹಲ್ಲು ಹೋಗಿ ಪಟ್ಟಿ ಬಂದದ್ದರಲ್ಲಿ ಗಂಡಸರ ವಾರದ ದಿನಚರಿ ಬದಲಾದ ಕತೆಯೂ ಇದೆಯೆಂದು ನನ್ನ ಗುಮಾನಿ.

ದಿನಾ ಬೆಳಗ್ಗೆ ಗಡ್ಡ ತೆಗೆಯುವುದು ಹೊಸ ಚಾಳಿ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ರೈತರು ಶನಿವಾರ ರಾತ್ರಿ ಒಲೆಯ ಹತ್ತಿರ ಕೂತು ವಾರದ ಗಡ್ಡ ಹೆರೆದುಕೊಂಡು ಭಾನುವಾರದ ಪೂಜೆಗೆ ಚರ್ಚಿಗೆ ಹೋಗುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1447ರಲ್ಲಿ ಟ್ರಿಮ್ ಪಟ್ಟಣದಲ್ಲಿ ಸೇರಿದ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತ್ತು. ಇಂಗ್ಲಿಷರವನೆಂದು ಅನ್ನಿಸಿಕೊಳ್ಳಬೇಕಾದವನು ಮೇಲ್ದುಟಿಯ ಮೀಸೆಯನ್ನು ಎರಡು ವಾರಕ್ಕೊಮ್ಮೆಯಾದರೂ ಬೋಳಿಸಬೇಕು. ಐರಿಷರಂತೆ ಮೀಸೆ ಬಿಟ್ಟವನನ್ನು ಶತ್ರುವೆಂದೇ ಎಣಿಸಬಹುದು. ಆ ರಾಜಕೀಯ ಒತ್ತಟ್ಟಿಗಿರಲಿ, ನನ್ನ ಕಣ್ಣು ನಿಂತದ್ದು ಆ ಎರಡು ವಾರದ ಮೇಲೆ. ಸರ್ಕಾರವೇ ಕಡ್ಡಾಯ ಮಾಡಿದ ಕ್ಷೌರಕ್ಕೂ ಅಷ್ಟು ದಿನದ ಸಲುಗೆ ಇತ್ತು!

ನಮ್ಮಲ್ಲಿ ಪಂಚಾಂಗವೇ ಈ ಸಲುಗೆ ಕೊಟ್ಟಿದೆ. ಮಂಗಳವಾರ ಬೇಡ, ಶುಕ್ರವಾರ ಬೇಡ, ಶನಿವಾರ ಬೇಡ. ಏಕಾದಶಿ, ಅಮಾವಾಸ್ಯೆ ಬಂದರೆ ಮತ್ತೊಂದು ದಿನ ಮುಂದಕ್ಕೆ. ಸೂತಕದಲ್ಲಿ ಇಲ್ಲ, ಹೆಂಡತಿ ಬಸುರಿಯಾದರೆ ಇಲ್ಲ, ಅಯ್ಯಪ್ಪನ ಮಾಲೆ ಹಾಕಿದರಂತೂ ಇಲ್ಲವೇ ಇಲ್ಲ. ಇಷ್ಟೆಲ್ಲ ಕಳೆದು ಉಳಿದ ದಿನ ಮುಖಕ್ಕೆ ಸೋಪು ಹಚ್ಚಿದಾಗ ಕೂದಲು ಎಳೆ ಹಿಡಿಯುವಷ್ಟು ಬೆಳೆದಿರುತ್ತದೆ. ಆಮೇಲೆ ಕಚೇರಿ ಬಂತು, ಯುದ್ಧ ಬಂತು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡ ಕೆನ್ನೆಗೆ ಅಂಟಿ ಕೂರಬೇಕಾದರೆ ಮುಖ ನುಣ್ಣಗಿರಬೇಕಿತ್ತು. ಅಮೆರಿಕ ತನ್ನ ಸೈನಿಕರಿಗೆ ಸುಮಾರು 35 ಲಕ್ಷ ರೇಜರು ಹಂಚಿತು. ದಿನದಿನದ ಗಡ್ಡಕ್ಕೆ ಹಲ್ಲಿನ ಅಗತ್ಯವೇನಿದೆ? 1938ರಲ್ಲಿ ಬಂದ ಜಿಲೆಟ್ ‘ಟೆಕ್’ ರೇಜರಿಗೆ ನಯವಾದ ಪಟ್ಟಿಯಿತ್ತು, ಅದೇ ಮುಂದೆ ರೂಢಿಯಾಯಿತು.

ಕೊರೋನಾ ಈ ಲೆಕ್ಕವನ್ನು ಮತ್ತೆ ತಿರುಗಿಸಿತು. ಐರ್ಲೆಂಡಿನ ಕ್ಷೌರದಂಗಡಿಗಳು 2020ರ ಮಾರ್ಚಿನಲ್ಲಿ ಮುಚ್ಚಿ ಜೂನ್ 29ಕ್ಕೆ ತೆರೆದವು, ಮತ್ತೆ ಮುಚ್ಚಿ 2021ರ ಮೇ 10ಕ್ಕೆ ತೆರೆದವು. ಮನೆಯಿಂದಲೇ ಕೆಲಸ ಮಾಡಲು ಕಲಿತ ಹುಡುಗರಿಗೆ ವಾರದ ಗಡ್ಡ ಅಂದಿನಿಂದ ಅಂಟಿಕೊಂಡಿತು.

ಡಬ್ಲಿನ್ನಿನ ಪಶ್ಚಿಮದ ಲೂಕನ್ ಕಡೆಯ ಒಂದು ಕನ್ನಡದ ಮನೆಗೆ ಬನ್ನಿ. ಭಾನುವಾರ, ಸಂಜೆ ನಾಲ್ಕೂವರೆ, ಡಿಸೆಂಬರಾದ್ದರಿಂದ ಹೊರಗೆ ಆಗಲೇ ಕತ್ತಲೆ. ತೀರ್ಥಹಳ್ಳಿಯಿಂದ ಮೂರು ತಿಂಗಳಿಗೆಂದು ಬಂದಿರುವ ಅಪ್ಪಯ್ಯ ಎರಡು ಸ್ವೆಟರ್ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದಾರೆ. ಮಗ ಮೇಲಿನ ಬಚ್ಚಲುಮನೆಯಿಂದ ಅರ್ಧ ಮುಖದ ನೊರೆಯಲ್ಲೇ ಇಳಿದು ಬಂದಿದ್ದಾನೆ. ಕೈಯಲ್ಲಿ ಐದು ಬ್ಲೇಡಿನ ಕಾರ್ಟ್ರಿಜ್ ರೇಜರು, ಸಂದಿಯಲ್ಲೆಲ್ಲ ಕೂದಲು.

“ಎಂತದೋ ಇದು, ಕಳ್ಳಿ ಬೇಲಿ ಆಗಿದೆಯಲ್ಲ ಮುಖ! ನನ್ನ ರೇಜರ್ ತಗೊ. ನಲವತ್ತು ವರ್ಷ ಆಯ್ತು, ಒಂದು ದಿನ ಕೈ ಕೊಟ್ಟಿಲ್ಲ.”

“ಅದೂ ಜಗ್ತದೆ ಅಪ್ಪಯ್ಯ. ನಿಮಗೆ ಎರಡು ದಿನದ ಗಡ್ಡ, ನನ್ನದು ಏಳು ದಿನದ್ದು.”

ಮಗ ಹೇಳಿದ್ದರಲ್ಲಿ ಹುರುಳಿದೆ. ಗಡ್ಡ ದಿನಕ್ಕೆ ಮೂರನೇ ಒಂದು ಮಿಲಿಮೀಟರಿನ ಆಸುಪಾಸು ಬೆಳೆಯುತ್ತದೆ. ಏಳು ದಿನಕ್ಕೆ ಎರಡೂವರೆ ಮಿಲಿಮೀಟರು ಹತ್ತಿರ. ಐದು ಬ್ಲೇಡುಗಳ ನಡುವಿನ ಸಂದಿ ಅಷ್ಟುದ್ದದ ಕೂದಲನ್ನು ಹೊರಗೆ ಬಿಡುವುದಿಲ್ಲ. ಕೂದಲು, ನೊರೆ ಎರಡೂ ಅಲ್ಲೇ ಗಿಡಿದು, ಮುಂದಿನ ಎಳೆತಕ್ಕೆ ಬ್ಲೇಡು ಕತ್ತರಿಸುವ ಬದಲು ಕೀಳುತ್ತದೆ. ಅಪ್ಪಯ್ಯನವರ ರೇಜರು ಹಿಡಿಕೆಯ ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆಯುವ ಮಾದರಿ. ಒಂದೇ ಬ್ಲೇಡಾದ್ದರಿಂದ ಅಷ್ಟು ಕಟ್ಟಿಕೊಳ್ಳುವುದಿಲ್ಲ, ನಿಜ. ಆದರೆ ಅದರ ಪಟ್ಟಿ ಬ್ಲೇಡಿಗಿಂತ ಮುಂದೆ ಸಾಗುತ್ತಾ ಉದ್ದ ಕೂದಲನ್ನು ಚರ್ಮಕ್ಕೆ ಒತ್ತಿ ಮಲಗಿಸುತ್ತದೆ, ಹಚ್ಚಿದ ನೊರೆಯನ್ನು ಬಳಿದುಕೊಂಡು ಹೋಗುತ್ತದೆ. ಹಲ್ಲಿದ್ದರೆ ಕೂದಲು ಹಲ್ಲುಗಳ ನಡುವೆ ನಿಂತಂತೆಯೇ ಬಂದು ಬ್ಲೇಡಿಗೆ ಸಿಗುತ್ತದೆ, ನೊರೆಯೂ ಜೊತೆಗೆ ಬರುತ್ತದೆ.

ಪ್ರತಿ ಗೆಳೆಯರ ಗುಂಪಿನಲ್ಲೂ ರೇಜರಿನ ಹುಚ್ಚು ಹಿಡಿದವನೊಬ್ಬ ಇರುತ್ತಾನೆ. ಈ ಮನೆಯ ಪಕ್ಕದ ಬೀದಿಯಲ್ಲೇ ಇದ್ದಾನೆ. ಫೋನು ಮಾಡಿದ ಹತ್ತು ನಿಮಿಷಕ್ಕೆ ಡಬ್ಬಿ ಸಮೇತ ಹಾಜರಾಗಿ, ಊಟದ ಮೇಜಿನ ಮೇಲೆ ಪೇಪರು ಹಾಸಿ ಒಂದೊಂದನ್ನೇ ಇಡುತ್ತಾನೆ. ಮೊದಲನೆಯದು ಜರ್ಮನಿಯ ಜೋಲಿಂಗನ್ ಊರಿನ ಮರ್ಕರ್ 34ಸಿ. ಗಿಡ್ಡ, ದಪ್ಪ, ಕೈಗೆ ಭಾರ. ಕಲಿಯುವವರಿಗೆ ಎಲ್ಲರೂ ಹೇಳುವುದು ಇದನ್ನೇ, ಆದರೆ ಪಟ್ಟಿಯದು. ಆಮೇಲೆ ತಿರುಪಿನಿಂದ ಬ್ಲೇಡಿನ ಸಂದಿ ಹೆಚ್ಚು ಕಡಿಮೆ ಮಾಡುವ ರೇಜರು. ವಾರದ ಗಡ್ಡಕ್ಕೆ ದೊಡ್ಡ ಅಂಕಿ, ದಿನದ ಗಡ್ಡಕ್ಕೆ ಸಣ್ಣ ಅಂಕಿ. ಅನುಕೂಲವೇನೋ ಹೌದು, ಬೆಲೆಯೂ ಅಷ್ಟೇ ಜೋರು. ಬ್ಲೇಡನ್ನು ಸ್ವಲ್ಪ ಓರೆಯಾಗಿ ಹಿಡಿಯುವ ಇನ್ನೊಂದು ಇದೆ. ಒರಟು ಗಡ್ಡವನ್ನು ಜಾರಿಸಿ ಕೊಯ್ಯುತ್ತದೆ, ಕೈ ಪಳಗಿರಬೇಕು. ಹಲ್ಲಿನವು ಎರಡು. ಒಂದು ಮ್ಯೂಲೆ ಆರ್41, ಇದೂ ಜರ್ಮನಿಯದೇ. ಇದರ ಬ್ಲೇಡು ಎಷ್ಟು ಹೊರಗೆ ಚಾಚಿರುತ್ತದೆಂದರೆ ಹುಚ್ಚಿನವನೇ ಅದನ್ನು ಎತ್ತಿ ತೋರಿಸಿ ವಾಪಸ್ ಡಬ್ಬಿಗೆ ಹಾಕುತ್ತಾನೆ. ಇನ್ನೊಂದು ಪಾರ್ಕರ್ 26ಸಿ. ಹಲ್ಲಿದೆ, ಆದರೆ ಸೌಮ್ಯ.

ಅಪ್ಪಯ್ಯ ಕನ್ನಡಕ ಏರಿಸಿ ಪಾರ್ಕರಿನ ಪೆಟ್ಟಿಗೆ ಓದುತ್ತಾರೆ. “ಇದು ನಮ್ಮ ದೇಶದ್ದೇ ಅಲ್ಲವೋ! ಮೊದಲೇ ಹೇಳಿದ್ದರೆ ಬರುವಾಗ ನಾನೇ ತರ್ತಿದ್ದೆ.”

ನನ್ನನ್ನು ಕೇಳಿದರೆ ವಾರಕ್ಕೊಮ್ಮೆ ಗಡ್ಡ ತೆಗೆಯುವವನಿಗೆ ಈ ಸೌಮ್ಯ ಹಲ್ಲಿನದೇ ಸರಿ. ಹಲ್ಲಿದ್ದ ಮಾತ್ರಕ್ಕೆ ರೇಜರು ಉಗ್ರವಾಗುವುದಿಲ್ಲ. ಉಗ್ರತೆ ಇರುವುದು ಬ್ಲೇಡು ಎಷ್ಟು ಹೊರಗೆ ಬಂದಿದೆ, ತಳಕ್ಕೂ ಅದಕ್ಕೂ ಎಷ್ಟು ಸಂದಿ ಇದೆ ಎಂಬುದರಲ್ಲಿ. ಇದನ್ನು ತಿಳಿಯದೆ ಉದ್ದ ಗಡ್ಡಕ್ಕೆ ಉಗ್ರ ರೇಜರೇ ಬೇಕೆಂದು ಹೊರಟವರ ಗಂಟಲಲ್ಲಿ ಗೀರು ಕಂಡಿದ್ದೇನೆ. ಮೂರು ತುಂಡಾಗಿ ಬಿಚ್ಚುವಂಥದ್ದಾದರೆ ಇನ್ನೂ ಒಳ್ಳೆಯದು, ನಲ್ಲಿಯ ಕೆಳಗೆ ಹಿಡಿದರೆ ಕೂದಲೆಲ್ಲ ತೊಳೆದು ಹೋಗುತ್ತದೆ. ಗಡ್ಡ ಎರಡು ವಾರ ದಾಟಿದ್ದರೆ ಮಾತ್ರ ಯಾವ ರೇಜರೂ ಬೇಡ, ಮೊದಲು ಕತ್ತರಿಯಾಡಿಸಬೇಕು. ಇಲ್ಲವೇ ಊರಿನ ಟರ್ಕಿ ಕ್ಷೌರಿಕನ ಹತ್ತಿರ ಹೋಗಬೇಕು. ಐರ್ಲೆಂಡಿನ ಸಣ್ಣ ಪೇಟೆಗಳಲ್ಲೂ ಈಗ ಅವರ ಅಂಗಡಿಗಳಿವೆ. ಬಿಸಿ ಟವೆಲ್ಲು ಹೊದಿಸಿ, ಹೊಸ ಬ್ಲೇಡನ್ನು ಕಾಗದ ಸಮೇತ ಎರಡಾಗಿ ಮುರಿದು ಕತ್ತಿಗೆ ಸಿಕ್ಕಿಸುತ್ತಾರೆ, ನಮ್ಮ ಕಟಿಂಗ್ ಶಾಪಿನ ಹಾಗೆಯೇ.

ರೇಜರಿಗಿಂತ ಮೊದಲು ನೀರು. ಐರ್ಲೆಂಡಿನ ನಡುನಾಡಿನ ನೆಲದಡಿ ಸುಣ್ಣಕಲ್ಲು. ಅಲ್ಲಿನ ನೀರು ಗಡಸು, ಕೆಟಲಿನ ತಳದಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಸೋಪು ನೊರೆ ಬರುವ ಬದಲು ಗಸಿಯಾಗುತ್ತದೆ. ಡಬ್ಲಿನ್ನಿನ ದಕ್ಷಿಣದ ವಿಕ್ಲೋ ಬೆಟ್ಟಗಳದು ಗ್ರಾನೈಟು, ನೀರು ಮೆದು. 1860ರ ದಶಕದಲ್ಲಿ ಸರ್ ಜಾನ್ ಗ್ರೇ ಮುಂದೆ ನಿಂತು ಅಲ್ಲಿನ ವಾರ್ಟ್ರಿ ನದಿಯ ನೀರನ್ನು ರೌಂಡ್‌ವುಡ್ ಜಲಾಶಯದಿಂದ ನಗರಕ್ಕೆ ತರಿಸಿದರು. ‘ಯುಲಿಸಿಸ್’ನ ಕೊನೆಯ ಹೊತ್ತಿಗೆ, ನಡುರಾತ್ರಿಯ ಅಡುಗೆಮನೆಯಲ್ಲಿ ಕಥಾನಾಯಕ ಬ್ಲೂಮ್ ನಲ್ಲಿ ತಿರುಗಿಸುತ್ತಾನೆ. ಜಾಯ್ಸ್ ಆ ನೀರಿನ ಜಾಡು ಹಿಡಿದು ರೌಂಡ್‌ವುಡ್‌ವರೆಗೂ ಹೋಗುತ್ತಾನೆ. ಕುದಿಸಿದ ನೀರನ್ನು ಬ್ಲೂಮ್ ಯಾತಕ್ಕೆ ಬಳಸಬಹುದಿತ್ತು? ಗಡ್ಡ ತೆಗೆಯಲು. ಅಷ್ಟಕ್ಕೇ ಬಿಡದೆ, ರಾತ್ರಿ ಗಡ್ಡ ತೆಗೆಯುವುದರ ಲಾಭಗಳನ್ನೂ ಕಾದಂಬರಿ ಪಟ್ಟಿ ಮಾಡುತ್ತದೆ, ಗಡ್ಡ ಮೆದುವಾಗಿರುತ್ತದೆ ಎಂಬುದರಿಂದ ಹಿಡಿದು. ಡಿಸೆಂಬರಿನಲ್ಲಿ ಬೆಳಗಿನ ಎಂಟೂವರೆಗೂ ಸೂರ್ಯ ಹುಟ್ಟದ ಊರಿನಲ್ಲಿ ಇದನ್ನು ಯಾರಾದರೂ ಒಪ್ಪಬೇಕು.

ಲೂಕನ್ನಿನ ಮಗನೂ ರಾತ್ರಿಯವನೇ. ಪಾರ್ಕರನ್ನು ಎತ್ತಿಕೊಂಡು, ನೀರು ಕಾಯಿಸುವ ಇಮ್ಮರ್ಶನ್ ಸ್ವಿಚ್ಚು ಹಾಕುತ್ತಾನೆ. ಹಳೆಯ ಐರಿಷ್ ಮನೆಗಳಲ್ಲಿ ಈ ಸ್ವಿಚ್ಚಿಗೆ ‘ಸಿಂಕ್’, ‘ಬಾತ್’ ಎಂದು ಎರಡು ಕಡೆ. ಆರಿಸಲು ಮರೆತರೆ ಮನೆಮಂದಿಯೆಲ್ಲ ಬೈಯುವುದು ಇಲ್ಲಿನ ತಲೆಮಾರುಗಳ ಸಂಪ್ರದಾಯ. ಊರಿನಲ್ಲಿ ಬಚ್ಚಲಿನ ಹಂಡೆಯಲ್ಲಿ ಇಡೀ ದಿನ ನೀರು ಕಾದಿರುವುದನ್ನು ಕಂಡ ಅಪ್ಪಯ್ಯನವರಿಗೆ ಇದು ಅರ್ಥವಾಗುವುದಿಲ್ಲ.

ಬಿಸಿನೀರಿನ ಬಟ್ಟೆಯನ್ನು ಕೆನ್ನೆಗೆ ಎರಡು ಮೂರು ನಿಮಿಷ ಒತ್ತಿ ಹಿಡಿಯುತ್ತಾನೆ. ಇದು ಶೋಕಿಯಲ್ಲ. ಕೂದಲು ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದರೂ ಬ್ಲೇಡನ್ನು ಹಾಳು ಮಾಡುತ್ತದೆ. ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದಂತೆ, ಕೂದಲು ಬಾಗಿ ಓರೆಯಲ್ಲಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ, ಬ್ಲೇಡಿನ ಅಂಚು ಚಕ್ಕೆ ಏಳುತ್ತದೆ. ನೀರು ಕುಡಿದ ಕೂದಲು ಸುಲಭವಾಗಿ ತುಂಡಾಗುತ್ತದೆ. ಬ್ರಷ್ಷಿನಿಂದ ಸುತ್ತಿ ಸುತ್ತಿ ನೊರೆ ಹಚ್ಚಿ, ಹಿಡಿಕೆಯನ್ನು ಸುಮಾರು 30 ಡಿಗ್ರಿ ಇಳಿಸಿ, ರೇಜರಿನ ಭಾರವೊಂದನ್ನೇ ನೆಚ್ಚಿ, ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕ ಎಳೆತ. ಎರಡು ಎಳೆತಕ್ಕೊಮ್ಮೆ ಮಗುಚಿ ಇನ್ನೊಂದು ಅಂಚು, ಮತ್ತೆ ನಲ್ಲಿ. ಕಿವಿಯ ಬುಡದಿಂದ ದವಡೆಯವರೆಗೆ ಚರಚರ ಸದ್ದು ಹೊರಗಿನ ಕೋಣೆಗೂ ಕೇಳುತ್ತದೆ. ಗಂಟಲ ಹತ್ತಿರ ಕೂದಲು ಸುಳಿ ತಿರುಗಿದೆ. ಅಲ್ಲಿ ಬೆರಳಿಟ್ಟು ದಿಕ್ಕು ನೋಡಿಕೊಂಡು ರೇಜರನ್ನೂ ತಿರುಗಿಸಬೇಕು. ಮತ್ತೆ ನೊರೆ, ಎರಡನೇ ಸಲ ಅಡ್ಡಕ್ಕೆ. ಮೂರನೆಯದು ಎದುರು ದಿಕ್ಕಿಗೆ ಎನ್ನುವವರಿದ್ದಾರೆ. ವಾರದ ಗಡ್ಡ ಇಳಿಸಿದ ಚರ್ಮಕ್ಕೆ ಅದು ಅಧಿಕಪ್ರಸಂಗ.

ತಣ್ಣೀರು ಚಿಮುಕಿಸಿ, ಅಪ್ಪಯ್ಯ ಊರಿಂದ ತಂದ ಪಟಿಕದ ಕಲ್ಲನ್ನು ಉಜ್ಜುತ್ತಾನೆ. ಒಂದೇ ಕಡೆ ಚುರುಗುಟ್ಟುತ್ತದೆ, ಗದ್ದದ ಕೆಳಗೆ. ಅಪ್ಪಯ್ಯ ಬಾಗಿಲಲ್ಲಿ ನಿಂತು ಕೆನ್ನೆ ಮುಟ್ಟಿ ನೋಡಿ ತಲೆದೂಗುತ್ತಾರೆ. ಮಗ ರೇಜರು ಬಿಚ್ಚಿ, ಬಳಸಿದ ಬ್ಲೇಡನ್ನು ಮುಚ್ಚಳಕ್ಕೆ ಸೀಳು ಕೊರೆದ ಡಬ್ಬಿಗೆ ಹಾಕಲು ಹೋಗುತ್ತಾನೆ.

“ತಡಿ, ತಡಿ. ಇನ್ನೂ ಹೊಸದರ ಹಾಗಿದೆ,” ಎಂದು ಅಪ್ಪಯ್ಯ ಅದನ್ನು ಇಸಿದುಕೊಂಡು, ಪೇಪರಿನಲ್ಲಿ ಸುತ್ತಿ, ಕೆಳಗೆ ಅಡುಗೆಮನೆಗೆ ಒಯ್ಯುತ್ತಾರೆ. ಅಲ್ಲಿ ಉಪ್ಪಿನಕಾಯಿಯ ಪೊಟ್ಟಣವೊಂದು ಯಾರಿಂದಲೂ ಹರಿಯಲಾಗದೆ ಮೂರು ದಿನದಿಂದ ಬಿದ್ದಿದೆ.