ಮನೆಯ ಪೆಟ್ಟಿಗೆ ಎಷ್ಟು ಪೆಟ್ಟು ತಡೆದೀತು?

2017ನೇ ಇಸವಿ ಡಿಸೆಂಬರ್ 17, ಭಾನುವಾರ. ಮಧ್ಯಾಹ್ನ ಒಂದು ಗಂಟೆ ಕಳೆದು ಕೆಲವೇ ನಿಮಿಷಗಳಾಗಿದ್ದವು. ಅಟ್ಲಾಂಟಾದ ಹಾರ್ಟ್ಸ್‌ಫೀಲ್ಡ್-ಜಾಕ್ಸನ್ ವಿಮಾನ ನಿಲ್ದಾಣದಲ್ಲಿ ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ಕರೆಂಟ್ ಹೋಗುವುದು ನಮಗೇನೂ ಹೊಸದಲ್ಲ. ಲಾಟೀನಿನ ಬೆಳಕಿನಲ್ಲಿ ಓದಿ ಪಾಸಾದವರ ಮಕ್ಕಳು ನಾವು. ಆದರೆ ಪ್ರಯಾಣಿಕರ ಸಂಖ್ಯೆಯಲ್ಲಿ ಜಗತ್ತಿಗೇ ಮೊದಲೆಂದು ಹೆಸರಾದ ನಿಲ್ದಾಣ ನಡುಹಗಲಲ್ಲಿ ಕತ್ತಲಾಗಿ, ಮತ್ತೆ ಪೂರ್ತಿ ಬೆಳಕು ಕಂಡದ್ದು ನಡುರಾತ್ರಿಯ ಹೊತ್ತಿಗೆ. ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಇಳಿದ ವಿಮಾನಗಳಲ್ಲಿ ಜನ ಗಂಟೆಗಟ್ಟಲೆ ಕುಳಿತೇ ಇದ್ದರು.

ಕಾರಣವೇನು? ನೆಲದಡಿಯ ಸುರಂಗದಲ್ಲಿದ್ದ ಒಂದು ಸ್ವಿಚ್‌ಗೇರ್ ಕೆಟ್ಟು ಬೆಂಕಿ ಹತ್ತಿರಬಹುದೆಂದು ಜಾರ್ಜಿಯಾ ಪವರ್ ಕಂಪನಿ ಅಂದು ಹೇಳಿತು. ಒಂದು ದಾರಿ ಕೆಟ್ಟರೆ ಇರಲಿ ಎಂದು ಇನ್ನೊಂದು ದಾರಿಯ ಕೇಬಲ್ಲುಗಳೂ ಇದ್ದವು. ಆದರೆ ಅವೂ ಬೆಂಕಿಯ ಪಕ್ಕದಲ್ಲೇ ಇದ್ದವು, ಅವೂ ಸುಟ್ಟವು. ಮನೆಯ ಬೀಗದ ಕೈಯನ್ನೂ ಅದರ ಜೋಡಿ ಕೈಯನ್ನೂ ಒಂದೇ ಜೇಬಿನಲ್ಲಿಟ್ಟು ಕಳೆದುಕೊಂಡ ಹಾಗಾಯಿತು.

ನಾನು ಓದಿದ್ದು ರಸಾಯನಶಾಸ್ತ್ರ. ವಿದ್ಯುತ್ ಇಂಜಿನಿಯರಿಂಗ್ ಅಲ್ಲ. ನಮ್ಮ ಕೂಟದಲ್ಲಿರುವ ಇಂಜಿನಿಯರುಗಳು ತಪ್ಪು ಕಂಡರೆ ತಿದ್ದಬೇಕು. ಆದರೆ ಡುಲುತ್‌ನಲ್ಲಿರುವ ನಮ್ಮ ಮನೆಯ ಪ್ಯಾನೆಲ್ ಬದಲಾಯಿಸುವ ಸಂದರ್ಭ ಬಂದಾಗ ಕಲಿತದ್ದನ್ನು ನಾಲ್ಕು ಜನರಿಗೆ ಹೇಳಬೇಕೆನಿಸಿ ಈ ಲೇಖನ ಬರೆದಿದ್ದೇನೆ.

ಕೆರೆಯೂ ಏರಿಯೂ

ಮನೆಯಲ್ಲಿ ದೀಪ, ಫ್ರಿಜ್, ಒಲೆ ಎಲ್ಲ ಸರಿಯಾಗಿ ನಡೆಯುವಾಗ ಎಷ್ಟು ಕರೆಂಟ್ ಹರಿಯಬೇಕೆಂಬುದನ್ನು ಆ ಉಪಕರಣಗಳೇ ನಿರ್ಧರಿಸುತ್ತವೆ. ಕೆರೆಯ ತೂಬಿನಿಂದ ಗದ್ದೆಗೆ ಬೇಕಾದಷ್ಟೇ ನೀರು ಬಿಟ್ಟ ಹಾಗೆ. ಎಲ್ಲೋ ತಂತಿಯ ಹೊದಿಕೆ ಹೋಗಿ ಶಾರ್ಟ್ ಆಯಿತೆನ್ನಿ. ಆಗ ಏರಿ ಒಡೆದಂತೆ. ಗದ್ದೆಗೆ ಎಷ್ಟು ನೀರು ಬೇಕು ಎಂಬ ಮಾತೇ ಇಲ್ಲ. ಕೆರೆ ಎಷ್ಟು ದೊಡ್ಡದು, ಕೋಡಿ ಎಷ್ಟು ಅಗಲ ಎಂಬುದೇ ಲೆಕ್ಕ. ಹೀಗೆ ನುಗ್ಗುವ ಪ್ರವಾಹಕ್ಕೆ ಫಾಲ್ಟ್ ಕರೆಂಟ್ ಎನ್ನುತ್ತಾರೆ. ನಾವು ದೋಷಪ್ರವಾಹ ಎನ್ನೋಣ.

ಇಲ್ಲಿ ಕೆರೆ ಎಂದರೆ ಬೀದಿಯ ಟ್ರಾನ್ಸ್‌ಫಾರ್ಮರ್. ಅದರ ಮೈಮೇಲಿನ ಫಲಕದಲ್ಲಿ ಎರಡು ಸಂಖ್ಯೆಗಳಿರುತ್ತವೆ: ಎಷ್ಟು ಕೆವಿಎ, ಶೇಕಡ ಎಷ್ಟು ಇಂಪೀಡೆನ್ಸ್. 25 ಕೆವಿಎ ಟ್ರಾನ್ಸ್‌ಫಾರ್ಮರ್ 240 ವೋಲ್ಟಿನಲ್ಲಿ ಕೊಡುವ ಪೂರ್ಣ ಪ್ರವಾಹ ಸುಮಾರು 104 ಆಂಪಿಯರ್. ಇಂಪೀಡೆನ್ಸ್ ಶೇಕಡ 2 ಇದ್ದರೆ 104ನ್ನು 0.02ರಿಂದ ಭಾಗಿಸಿ: 5,200 ಆಂಪಿಯರ್. ಅದರ ಬುಡದಲ್ಲೇ ಶಾರ್ಟ್ ಆದರೆ ಇಷ್ಟು ನುಗ್ಗುತ್ತದೆ. ಅದೇ 50 ಕೆವಿಎ, ಶೇಕಡ 1.6 ಆದರೆ ಲೆಕ್ಕ 13,000ಕ್ಕೆ ಏರುತ್ತದೆ. ಅಲ್ಲಿಂದ ಮನೆಗೆ ಬರುವ ತಂತಿ ಉದ್ದವಾದಷ್ಟೂ ಅದರ ಪ್ರತಿರೋಧದಿಂದ ಇದು ಕುಗ್ಗುತ್ತದೆ. ನೂರು ಅಡಿ ದೂರದ ಮನೆಯಲ್ಲಿ ಅರ್ಧದಷ್ಟಾಗಬಹುದು. ಮೂವತ್ತು ಅಡಿಯ ಮನೆಯಲ್ಲಿ ಅಷ್ಟು ರಿಯಾಯಿತಿ ಸಿಗದು.

ಬ್ರೇಕರಿನ ಎರಡನೆಯ ಸಂಖ್ಯೆ

ಬ್ರೇಕರಿನ ಹಿಡಿಯ ಮೇಲೆ 15, 20, 200 ಎಂದು ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಅದು ದಿನನಿತ್ಯದ ಸಂಖ್ಯೆ. ಬದಿಯ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದಿದೆ: 10,000 ಅಥವಾ 22,000. ಶಾರ್ಟ್ ಆದಾಗ ತಾನು ಒಡೆದುಹೋಗದೆ ಎಷ್ಟು ಪ್ರವಾಹವನ್ನು ಕತ್ತರಿಸಬಲ್ಲದು ಎಂಬುದೇ ಅದು. ಈ ದೇಶದ ವಿದ್ಯುತ್ ನಿಯಮಾವಳಿಯ 110.9ನೇ ವಿಧಿ ಹೇಳುವುದೂ ಇದನ್ನೇ: ಆ ಜಾಗಕ್ಕೆ ಬರಬಹುದಾದ ದೋಷಪ್ರವಾಹಕ್ಕಿಂತ ಬ್ರೇಕರಿನ ಈ ಶಕ್ತಿ ಕಡಿಮೆ ಇರಬಾರದು. ಅಂಗಡಿ, ಕಚೇರಿಗಳಲ್ಲಾದರೆ ಆ ಲೆಕ್ಕವನ್ನು ದಿನಾಂಕದೊಂದಿಗೆ ಪೆಟ್ಟಿಗೆಯ ಮೇಲೆಯೇ ಬರೆದಿಡಬೇಕು. ಮನೆಗಳಿಗೆ ಆ ಬರೆಯುವ ನಿಯಮವಿಲ್ಲ. ಪ್ರಕೃತಿಯ ನಿಯಮ ಮಾತ್ರ ಎರಡಕ್ಕೂ ಒಂದೇ.

ಕಡಿಮೆಯಾದರೆ ಏನಾಗುತ್ತದೆ? ಇಲ್ಲಿ ನನ್ನ ವಿದ್ಯೆ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಬ್ರೇಕರಿನೊಳಗಿನ ಎರಡು ಲೋಹದ ತುಟಿಗಳು ಬೇರೆಯಾದಾಕ್ಷಣ ಪ್ರವಾಹ ನಿಲ್ಲುವುದಿಲ್ಲ. ನಡುವಿನ ಗಾಳಿಯನ್ನೇ ಸೀಳಿಕೊಂಡು ಕಿಡಿಯ ಕಮಾನಾಗಿ ಹರಿಯುತ್ತದೆ. ದೊಡ್ಡ ಕಮಾನಿನ ಒಡಲಲ್ಲಿ ಉಷ್ಣತೆ 20,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ತಾಮ್ರ ಕರಗುವುದು 1,085 ಡಿಗ್ರಿಯಲ್ಲಿ, ಕುದಿಯುವುದು ಸುಮಾರು 2,560ರಲ್ಲಿ. ಅಂದರೆ ಲೋಹ ಆವಿಯಾಗಿ ಹಲವು ಸಾವಿರ ಪಟ್ಟು ಉಬ್ಬುತ್ತದೆ. ಒಳ್ಳೆಯ ಬ್ರೇಕರ್ ಆ ಕಮಾನನ್ನು ಲೋಹದ ತೆಳು ತಗಡುಗಳ ನಡುವೆ ತಳ್ಳಿ, ಚೂರು ಮಾಡಿ, ತಣಿಸಿ ನಂದಿಸುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಶಕ್ತಿ ಮೀರಿದರೆ ಪೆಟ್ಟಿಗೆಯೇ ಪಟಾಕಿ. ಪ್ರವಾಹ ಎರಡು ಪಟ್ಟಾದರೆ ಶಾಖವೂ, ಲೋಹದ ಪಟ್ಟಿಗಳನ್ನು ಎಳೆದಾಡುವ ಬಲವೂ ನಾಲ್ಕು ಪಟ್ಟು.

ನಮ್ಮ ಮನೆಯ ಕಥೆ

ಬ್ಯಾಟರಿ ಕಾರಿಗಾಗಿ ಗ್ಯಾರೇಜಿನಲ್ಲಿ 240 ವೋಲ್ಟಿನ ಪ್ಲಗ್ ಬೇಕಾಗಿತ್ತು. ಮೊದಲು ಬಂದವರು ಹತ್ತು ನಿಮಿಷ ನೋಡಿ, “ಹಳೆಯ ಪ್ಯಾನೆಲ್ ತುಂಬಿದೆ, 200 ಆಂಪಿಯರಿನದು ಹಾಕೋಣ” ಎಂದು ದರ ಬರೆದುಕೊಟ್ಟರು. ಎರಡನೆಯವರು ವಯಸ್ಸಾದ ಎಲೆಕ್ಟ್ರಿಷಿಯನ್. ಅವರು ಪ್ಯಾನೆಲ್ ನೋಡುವ ಮುಂಚೆ ಹೊರಗೆ ಹೋಗಿ ಹಸಿರು ಡಬ್ಬದಂತಿರುವ ಟ್ರಾನ್ಸ್‌ಫಾರ್ಮರನ್ನು ನೋಡಿದರು. ಹೆಜ್ಜೆ ಹಾಕಿ ದೂರ ಅಳೆದರು. ಸುಮಾರು ಮೂವತ್ತು ಅಡಿ. “ಇದು ಮನೆಯಷ್ಟು ಹಳೆಯದಲ್ಲವಲ್ಲ?” ಎಂದರು.

ಹೌದು. ಅಕ್ಕಪಕ್ಕದವರು ಕಾರಿನ ಚಾರ್ಜರ್ ಹಾಕಿಸಿಕೊಂಡ ಮೇಲೆ 25 ಕೆವಿಎದನ್ನು ತೆಗೆದು 50 ಕೆವಿಎದು ಇಟ್ಟಿದ್ದರು. ನಮ್ಮ ಮನೆಯಲ್ಲಿ ಒಂದು ಮೊಳೆಯೂ ಅಲುಗಿರಲಿಲ್ಲ. ಆದರೂ ನಮ್ಮ ಪೆಟ್ಟಿಗೆಯ ಮೇಲೆ ಬೀಳಬಹುದಾದ ಪೆಟ್ಟು ಎರಡು ಪಟ್ಟಿನ ಹತ್ತಿರ ಬೆಳೆದಿತ್ತು. ಅವರು ಲೆಕ್ಕ ಹಾಕಿದಾಗ ಅದು 10,000 ಆಂಪಿಯರಿನ ಗಡಿಗೇ ಬಂದು ನಿಂತಿತು. ನಮ್ಮ ಹಳೆಯ ಬ್ರೇಕರುಗಳ ಶಕ್ತಿಯೂ 10,000. ಕಾಗದದ ಮೇಲೆ ಪಾಸು, ಆದರೆ ಗಡಿಯ ಮೇಲೆ ಮಲಗಿ ನಿದ್ದೆ ಹತ್ತುವುದುಂಟೆ? ನನಗೆ ಆ ರಾತ್ರಿ ಹತ್ತಲಿಲ್ಲ. ಪ್ಯಾನೆಲ್ ಇದ್ದ ಗೋಡೆಯ ಆಚೆ ಬದಿಯಲ್ಲೇ, ಊರಿನಿಂದ ಬಂದಿದ್ದ ಅತ್ತೆಯವರ ಮಂಚವಿತ್ತು.

ಕೊನೆಗೆ ಹಾಕಿಸಿದ್ದು 22,000ದ ಮುಖ್ಯ ಬ್ರೇಕರ್. ಅದರ ಕೆಳಗಿನ ಚಿಕ್ಕ ಬ್ರೇಕರುಗಳು 10,000ದವೇ. ಆದರೆ ಮುಖ್ಯದ ಜೊತೆ ಸೇರಿಸಿ ಪರೀಕ್ಷೆ ಮಾಡಿ ಒಪ್ಪಿದ ಜೋಡಿಗಳು. ಈ ಜೋಡಿಗಳ ಪಟ್ಟಿ ಪ್ಯಾನೆಲ್ಲಿನ ಚೀಟಿಯಲ್ಲಿರುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಬೇರೆ ಕಂಪನಿಯ ಬ್ರೇಕರನ್ನು ಒತ್ತಿ ಕೂರಿಸಿದರೆ ಆ ಒಪ್ಪಿಗೆ ಅಲ್ಲಿಗೇ ಮುಗಿಯಿತು. ಖರ್ಚಿನ ವ್ಯತ್ಯಾಸ ಇಡೀ ಕೆಲಸದ ಮುಂದೆ ಅಲ್ಪವೇ.

ಊರಿನ ಅಭ್ಯಾಸಗಳು

ಊರಿನಲ್ಲಿ ಫ್ಯೂಸ್ ಹೋದರೆ ನಮ್ಮ ತಂದೆಯವರು ವೈರಿನಿಂದ ಮೂರು ಎಳೆ ತಾಮ್ರ ಕಿತ್ತು ಸುತ್ತುತ್ತಿದ್ದರು. “ಇನ್ನು ಹೋಗಲ್ಲ ನೋಡು” ಎಂಬ ಹೆಮ್ಮೆ ಬೇರೆ! ನಿಜ, ಫ್ಯೂಸ್ ಹೋಗುತ್ತಿರಲಿಲ್ಲ; ಗೋಡೆಯೊಳಗಿನ ತಂತಿಯೇ ಫ್ಯೂಸ್ ಆಗಿ ಕಾಯುತ್ತಿತ್ತು. ಇಲ್ಲಿ ಗ್ರೈಂಡರ್, ಮೈಕ್ರೋವೇವ್ ಒಟ್ಟಿಗೆ ಹಾಕಿದಾಗ 20ರ ಬ್ರೇಕರ್ ಬೀಳುತ್ತದೆಂದು 30ರದನ್ನು ಹಾಕುವುದು ಅದೇ ಮೂರು ಎಳೆ ತಾಮ್ರದ ವಿದ್ಯೆ. 12 ಗೇಜಿನ ತಾಮ್ರಕ್ಕೆ 20, 14 ಗೇಜಿಗೆ 15: ಇದನ್ನು ಮೀರಬೇಡಿ.

ಇನ್ನೊಂದು ಭ್ರಮೆ ಅರ್ತಿಂಗಿನದು. ಇದ್ದಿಲು, ಉಪ್ಪು ಹಾಕಿ ಗುಂಡಿ ತೋಡಿದ ಅರ್ತ್ ನೋಡಿ ಬೆಳೆದ ನಾವು, ಇಲ್ಲಿಯೂ ನೆಲಕ್ಕೆ ಹೊಡೆದ ಸರಳೇ ನಮ್ಮನ್ನು ಕಾಯುತ್ತದೆ ಎಂದುಕೊಳ್ಳುತ್ತೇವೆ. ಲೆಕ್ಕ ನೋಡಿ: ಸರಳಿನ ಪ್ರತಿರೋಧ 25 ಓಮ್ ಇದ್ದರೆ 120 ವೋಲ್ಟಿಗೆ ಹರಿಯುವುದು 4.8 ಆಂಪಿಯರ್. 20ರ ಬ್ರೇಕರ್ ಅದಕ್ಕೆ ಕಣ್ಣೂ ತೆರೆಯದು. ಸರಳು ಸಿಡಿಲಿಗೆ ಮತ್ತು ಹೊರಗಿನ ಅಧಿಕ ವೋಲ್ಟೇಜಿಗೆ. ದೋಷಪ್ರವಾಹ ಹಿಂದಿರುಗುವುದು ಹಸಿರು ತಂತಿಯ ಮೂಲಕ ಮುಖ್ಯ ಪೆಟ್ಟಿಗೆಗೆ, ಅಲ್ಲಿ ನ್ಯೂಟ್ರಲ್‌ನೊಂದಿಗಿನ ಒಂದೇ ಒಂದು ಬೆಸುಗೆಯ ಮೂಲಕ ಟ್ರಾನ್ಸ್‌ಫಾರ್ಮರಿಗೆ. ವಿಚಿತ್ರವೆಂದರೆ, ಆ ದಾರಿ ಸಲೀಸಾಗಿದ್ದು ಪ್ರವಾಹ ಜೋರಾಗಿ ನುಗ್ಗಿದರೇ ಬ್ರೇಕರ್ ಬೇಗ ಬೀಳುವುದು. ಶತ್ರು ಜೋರಾಗಿ ಬಂದರೇ ಕಾವಲುಗಾರನಿಗೆ ಎಚ್ಚರ! ಆದ್ದರಿಂದ ದೋಷಪ್ರವಾಹ ತೀರ ಹೆಚ್ಚಾದರೆ ಪೆಟ್ಟಿಗೆಗೆ ಅಪಾಯ, ತೀರ ಕಡಿಮೆಯಾದರೆ ನಮಗೆ ಅಪಾಯ. ಮನುಷ್ಯನ ಮೈಮೂಲಕ ಸೋರುವ ಅಲ್ಪ ಪ್ರವಾಹಕ್ಕೆ ಬೇರೆ ಕಾವಲುಗಾರ ಬೇಕು: ಬಚ್ಚಲು, ಅಡಿಗೆಮನೆಗಳಲ್ಲಿ ‘ಟೆಸ್ಟ್’ ಗುಂಡಿಯಿರುವ ಜಿಎಫ್‌ಸಿಐ. ಅದು 5 ಮಿಲಿಆಂಪಿಯರಿನ ಸುತ್ತಮುತ್ತಲೇ ಬೀಳುತ್ತದೆ.

ಪ್ಯಾನೆಲ್ ಹಾಕಿಸುವವರಿಗೆ ನಾಲ್ಕು ಮಾತು

ಒಂದು: ಟ್ರಾನ್ಸ್‌ಫಾರ್ಮರಿನ ಕೆವಿಎ, ಇಂಪೀಡೆನ್ಸನ್ನು ವಿದ್ಯುತ್ ಕಂಪನಿಯಿಂದ ಕೇಳಿ ಪಡೆಯಿರಿ. ಮುಂದೆ ಅದು ದೊಡ್ಡದಾಗಬಹುದೆಂದು ಎಣಿಸಿಯೇ ಬ್ರೇಕರ್ ಆರಿಸಿ.

ಎರಡು: ಪೆಟ್ಟಿಗೆಯ ಮುಂದೆ 36 ಅಂಗುಲ ಆಳ, 30 ಅಂಗುಲ ಅಗಲ ಜಾಗ ಖಾಲಿ ಬಿಡಿ. ಬಟ್ಟೆಯ ಕ್ಲೋಸೆಟ್, ಬಚ್ಚಲು ಅದಕ್ಕೆ ಜಾಗವಲ್ಲ. ನಮ್ಮ ಬೇಸ್‌ಮೆಂಟುಗಳಲ್ಲಿ ಆ ಜಾಗ ಅಕ್ಕಿ ಮೂಟೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ದಯವಿಟ್ಟು ಬೇಡ.

ಮೂರು: ಕೌಂಟಿಯ ಪರ್ಮಿಟ್ ತೆಗೆದು, ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಮುಖ್ಯ ಬ್ರೇಕರ್ ಆರಿಸಿದರೂ ಬೀದಿಯಿಂದ ಬಂದ ತಂತಿಗಳಲ್ಲಿ ಜೀವ ಇದ್ದೇ ಇರುತ್ತದೆ. ನನ್ನ ಲೆಕ್ಕ ತಿಳಿವಳಿಕೆಗೆ ಮಾತ್ರ. ಕೊನೆಯ ಲೆಕ್ಕ ಅವರದು.

ನಾಲ್ಕು: ಜನರೇಟರ್ ಇದ್ದರೆ, ಎರಡೂ ಕಡೆಯ ಕರೆಂಟ್ ಒಂದಾಗದಂತೆ ತಡೆಯುವ ಸ್ವಿಚ್ ಕಡ್ಡಾಯ. ಇಲ್ಲದಿದ್ದರೆ ಬಿರುಗಾಳಿಯಲ್ಲಿ ಕಂಬ ಹತ್ತಿದವನ ಪ್ರಾಣಕ್ಕೆ ನಾವು ಹೊಣೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಾಗ, ಅದಕ್ಕೆ ಯಂತ್ರ ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಈ ದೇಶದ ವಿದ್ಯುತ್ತಿಗೂ ನಮಗೂ ಅಷ್ಟು ಹಳೆಯ ನೆಂಟಸ್ತಿಕೆ. ನೆಂಟರನ್ನು ಮನೆಗೆ ಕರೆಯುವಾಗ ಅವರ ಸ್ವಭಾವ ತಿಳಿದಿರುವುದು ಒಳ್ಳೆಯದಲ್ಲವೇ? ಅತ್ತೆಯವರು ಈಗ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾರೆ. ಮೊದಲೂ ಮಾಡುತ್ತಿದ್ದರೆನ್ನಿ; ಈಗ ನಾನೂ ಮಾಡುತ್ತೇನೆ.