ಮೂರಕ್ಷರದ 'ರನ್', 645 ಅರ್ಥ!

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರೋ ಪದ ಯಾವುದು ಗೊತ್ತಾ? ಮೂರೇ ಅಕ್ಷರದ 'ರನ್'. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಇದರ ಕ್ರಿಯಾಪದಕ್ಕೇ 645 ಅರ್ಥ! ಅದನ್ನೆಲ್ಲ ವಿಂಗಡಿಸೋಕೆ ಸಂಪಾದಕ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಕೂತರು. ಎಂಥ ತಾಳ್ಮೆ ನೋಡಿ!

ಮನುಷ್ಯ ಓಡಿದ್ರೂ ರನ್, ಮೂಗು ಸೋರಿದ್ರೂ ರನ್, ಬಟ್ಟೆ ಬಣ್ಣ ಬಿಟ್ರೂ ರನ್, ಅಂಗಡಿ ನಡೆಸಿದ್ರೂ ರನ್. ಅಮೆರಿಕದಲ್ಲಿ ಚುನಾವಣೆಗೂ 'ರನ್' ಮಾಡ್ತಾರೆ. ಬ್ರಿಟನ್‌ನಲ್ಲಿ ಮಾತ್ರ ನಮ್ಮ ಹಾಗೇ 'ನಿಲ್ತಾರೆ'.

1989ರ ಆವೃತ್ತಿಯಲ್ಲಿ 430 ಅರ್ಥಗಳ 'ಸೆಟ್' ಮುಂದಿತ್ತು. ರನ್ ಅದನ್ನ ಹಿಂದೆ ಹಾಕೋಕೆ ದೊಡ್ಡ ಕಾರಣ ಯಂತ್ರಗಳು. ರೈಲು, ಗಿರಣಿ, ಕಂಪ್ಯೂಟರ್ ಪ್ರೋಗ್ರಾಂ, ಎಲ್ಲವೂ 'ರನ್' ಆಗತೊಡಗಿದವು.

ಇಂಗ್ಲಿಷ್ ಕಲೀತಿದ್ದೀರಾ? ದೊಡ್ಡ ಪದಗಳ ಹಿಂದೆ ಬೀಳೋ ಮುಂಚೆ ಇಂಥ ಚಿಕ್ಕ ಪದವನ್ನ ಒಮ್ಮೆ ನಿಘಂಟಿನಲ್ಲಿ ನೋಡಿ.